ಎಲ್‌ಕೆಜಿ ಹುಡುಕುವ ಮೊದಲು ಐದನೇ ಕ್ಲಾಸು ನೋಡಿ: ಕಾಸರಗೋಡಿನ ಕನ್ನಡ ಮನೆಗಳಿಗೊಂದು ಶಾಲಾ ಮಾರ್ಗದರ್ಶಿ

ಡಿಸೆಂಬರ್ ಮುಗಿಯುವ ಹೊತ್ತಿಗೆ ಹೊಸಂಗಡಿಯಿಂದ ಮುಳ್ಳೇರಿಯದವರೆಗೆ ಪೇಟೆ ಪೇಟೆಗಳಲ್ಲಿ ‘ಅಡ್ಮಿಶನ್ ಓಪನ್’ ಬ್ಯಾನರುಗಳು ಏಳುತ್ತವೆ. ಮನೆಯಲ್ಲಿ ಮೂರು ತುಂಬಿದ ಮಗು ಇದ್ದರೆ ಮದುವೆ ಮನೆಯಲ್ಲೂ ಅದೇ ಪ್ರಶ್ನೆ: ‘ಈ ವರ್ಷ ಎಲ್ಲಿಗೆ ಹಾಕ್ತೀರಿ?’

ಬೇರೆ ಊರಿನವರು ಫೀಸು, ದೂರ, ಟೀಚರ್ ನೋಡಿ ತೀರ್ಮಾನ ಮಾಡಿದರೆ ಸಾಕು. ನಮಗೆ ಇನ್ನೊಂದು ಲೆಕ್ಕವಿದೆ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಬ್ಯಾರಿ ಅಥವಾ ಮರಾಠಿ. ಓದುವ ಪೇಪರು ಕನ್ನಡ. ಬಸ್‌ಸ್ಟ್ಯಾಂಡಿನಲ್ಲಿ ಮಲಯಾಳ. ಶಾಲೆಯ ಬೋರ್ಡು ಇಂಗ್ಲಿಷ್. ಇಷ್ಟರ ಮಧ್ಯೆ ಮಗು ಯಾವ ಭಾಷೆಯಲ್ಲಿ ಓದಲು ಬರೆಯಲು ಕಲಿಯುತ್ತದೆ ಎಂಬುದು ಎಲ್‌ಕೆಜಿ ಅಡ್ಮಿಶನ್ ದಿನವೇ ಹೆಚ್ಚುಕಡಿಮೆ ನಿಶ್ಚಯವಾಗಿಬಿಡುತ್ತದೆ. ಐದನೇ ಕ್ಲಾಸಿಗೆ ಬಂದಾಗ ‘ಅಯ್ಯೋ, ಇವನಿಗೆ ಕನ್ನಡ ಓದಲಿಕ್ಕೇ ಬರುವುದಿಲ್ಲ’ ಎನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಲ್‌ಕೆಜಿ, ಯುಕೆಜಿ ಮತ್ತು ಕೆಳಗಿನ ಕ್ಲಾಸುಗಳಿಗೆ ಖಾಸಗಿ ಶಾಲೆ ಹುಡುಕುತ್ತಿರುವವರು ಯಾವುದರ ನಂತರ ಯಾವುದು ನೋಡಬೇಕು ಎಂದು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಈ ಶಾಲೆ ಮುಗಿದ ಮೇಲೆ ಎಲ್ಲಿಗೆ?

ಕೇರಳದಲ್ಲಿ 1ರಿಂದ 4 ಎಲ್‌ಪಿ (ಕಿರಿಯ ಪ್ರಾಥಮಿಕ), 5ರಿಂದ 7 ಯುಪಿ (ಹಿರಿಯ ಪ್ರಾಥಮಿಕ), 8ರಿಂದ 10 ಹೈಸ್ಕೂಲು. ಸಣ್ಣ ಖಾಸಗಿ ಶಾಲೆಗಳಲ್ಲಿ ಕೆಲವು ಯುಕೆಜಿಗೇ ನಿಲ್ಲುತ್ತವೆ, ಕೆಲವು ನಾಲ್ಕಕ್ಕೆ, ಕೆಲವು ಏಳಕ್ಕೆ. ಆದ್ದರಿಂದ ಮೊದಲ ಪ್ರಶ್ನೆ, ಇದು ಎಷ್ಟನೇ ಕ್ಲಾಸಿನವರೆಗೆ ಇದೆ? ಎರಡನೆಯದು, ಇಲ್ಲಿಂದ ಹೋದ ಮಕ್ಕಳು ಈಗ ಎಲ್ಲಿ ಓದುತ್ತಿದ್ದಾರೆ?

ನಮ್ಮ ಕಡೆಯವರು ಸಾಮಾನ್ಯವಾಗಿ ಹಿಡಿಯುವ ದಾರಿ ಮೂರು. ಒಂದು, ಸಿಬಿಎಸ್‌ಇ ಇಂಗ್ಲಿಷ್ ಮೀಡಿಯಂನಲ್ಲಿ ಹತ್ತರವರೆಗೂ ಅಲ್ಲೇ ಇರುವುದು. ಎರಡು, ನಾಲ್ಕರವರೆಗೆ ಹತ್ತಿರದ ಖಾಸಗಿ ಶಾಲೆ, ಆಮೇಲೆ ಸರಕಾರಿ ಅಥವಾ ಅನುದಾನಿತ ಶಾಲೆಯ ಕನ್ನಡ ಮಾಧ್ಯಮ. ಮೂರು, ತಲಪಾಡಿ ದಾಟಿ ಮಂಗಳೂರು ಕಡೆಗೆ, ಅಥವಾ ವಿಟ್ಲ, ಪುತ್ತೂರು, ಸುಳ್ಯದ ಕಡೆಗೆ.

ಎರಡನೇ ದಾರಿ ಮನಸ್ಸಿನಲ್ಲಿದ್ದರೆ ನಾಲ್ಕನೇ ಕ್ಲಾಸು ಮುಗಿಯುವಾಗ ಮಗು ಕನ್ನಡದಲ್ಲಿ ಸರಾಗ ಓದಬೇಕು, ನಾಲ್ಕು ಸಾಲು ತಾನೇ ಬರೆಯಬೇಕು. ಅಲ್ಲಿಯವರೆಗೆ ಕನ್ನಡ ‘ಒಂದು ಸಬ್ಜೆಕ್ಟ್’ ಮಾತ್ರ ಆಗಿದ್ದ ಮಗುವಿಗೆ ಐದರಲ್ಲಿ ವಿಜ್ಞಾನ, ಸಮಾಜ ಎಲ್ಲ ಒಮ್ಮೆಲೇ ಕನ್ನಡದಲ್ಲಿ ಬಂದರೆ ಕಷ್ಟ. ಬುದ್ಧಿ ಕಡಿಮೆ ಅಂತಲ್ಲ, ‘ದ್ಯುತಿಸಂಶ್ಲೇಷಣೆ’ಯಂಥ ಪದ ಅದರ ಕಿವಿಗೇ ಬಿದ್ದಿರುವುದಿಲ್ಲ.

ಈ ದಾರಿಯನ್ನು ಹಳೇ ಕಾಲದ್ದು ಎಂದು ತಳ್ಳಿಬಿಡಬೇಡಿ. ಇಲ್ಲಿ ಎಸ್‌ಎಸ್‌ಎಲ್‌ಸಿಯನ್ನು ಕನ್ನಡದಲ್ಲೇ ಬರೆಯಬಹುದು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಕೊಡಲು ರಾಜ್ಯಗಳಿಗೆ ಹೇಳುತ್ತದೆ. ಸರಕಾರಿ ಕೆಲಸಕ್ಕೆ ಜನ ಆರಿಸುವ ಕೇರಳ ಪಿಎಸ್‌ಸಿ ನಮ್ಮ ಜಿಲ್ಲೆಗೆ ಕನ್ನಡ ಬಲ್ಲವರಿಗೆಂದೇ ಹುದ್ದೆಗಳನ್ನು ಕರೆಯುತ್ತದೆ, ಅದರಲ್ಲಿ ಕನ್ನಡ ಮಾಧ್ಯಮದ ಟೀಚರ್ ಹುದ್ದೆಗಳೂ ಇರುತ್ತವೆ. ಕರ್ನಾಟಕದ ಸಿಇಟಿ (ಎಂಜಿನಿಯರಿಂಗಿನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ) ಅರ್ಹತೆಯ ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆ ಬೇರೆ ಕಲಮೇ ಇದೆ, ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಹೆಸರು ಅದರಲ್ಲಿದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕರ್ನಾಟಕ ಸರಕಾರಿ ನೇಮಕಾತಿಯಲ್ಲಿ ಶೇಕಡಾ 5 ಮೀಸಲಾತಿಯೂ ಇದೆ. ಮೂರು ವರ್ಷದ ಮಗುವಿಗೆ ಈಗಲೇ ಸಿಇಟಿ ಚಿಂತೆ ಯಾಕೆ ಅಂತ ನಗಬಹುದು. ನಗಿ, ಆದರೆ ಯಾವ ಬಾಗಿಲು ತೆರೆದಿದೆ ಎಂಬುದು ಗೊತ್ತಿರಲಿ.

ಹಾಗಂತ ಕನ್ನಡ ಮಾಧ್ಯಮದ ಶಾಲೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಸರಕಾರಿ ಕನ್ನಡ ಮಾಧ್ಯಮ ಕ್ಲಾಸುಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದಕ್ಕೆ ಜಿಲ್ಲೆಯಲ್ಲಿ ಎಷ್ಟೋ ಸಲ ಪ್ರತಿಭಟನೆ ಆಗಿದೆ. ಮುಂದೆ ಸೇರಿಸಬೇಕೆಂದಿರುವ ಶಾಲೆಗೂ ಈಗಲೇ ಒಮ್ಮೆ ಹೋಗಿ ಬನ್ನಿ.

ಮೂರನೇ ದಾರಿಯವರು 2020ರ ಮಾರ್ಚ್ ನೆನಪಿಟ್ಟುಕೊಳ್ಳಿ. ಕೋವಿಡ್ ಹೊತ್ತಿನಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸೂ ನಿಂತಿತ್ತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಂಥದ್ದು ದಿನಾ ಆಗುವುದಿಲ್ಲ, ನಿಜ. ದಿನನಿತ್ಯದ ತೊಂದರೆ ಬೇರೆಯೇ ಇದೆ. ಮಳೆಗೆ ಇಲ್ಲಿಯ ಕಲೆಕ್ಟರ್ ರಜೆ ಕೊಟ್ಟ ದಿನ ದಕ್ಷಿಣ ಕನ್ನಡದಲ್ಲಿ ಶಾಲೆ ಇರುತ್ತದೆ. ಅಲ್ಲಿ ದಸರಾ ರಜೆ ಉದ್ದ, ಇಲ್ಲಿ ಓಣಂ ರಜೆ ಉದ್ದ. ಅಣ್ಣ ಇಲ್ಲಿ, ತಂಗಿ ಅಲ್ಲಿ ಆದರೆ ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದೇ ಅಪರೂಪ. ನಾಲ್ಕು ವರ್ಷದ ಮಗುವನ್ನು ಗಡಿ ದಾಟಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. ಎಂಟನೇ ಕ್ಲಾಸಿಗೆ ಹೋಗಲಿ ಬೇಕಾದರೆ.

ಹೆಜ್ಜೆ 2: ‘ಕನ್ನಡ ಇದೆ’ ಅಂದರೆ ಎಷ್ಟು ಇದೆ?

ಖಾಸಗಿ ಶಾಲೆಯ ಆಫೀಸಿನಲ್ಲಿ ‘ಕನ್ನಡ ಇದೆಯಾ?’ ಎಂದು ಕೇಳಿದರೆ ‘ಇದೆ’ ಎಂದೇ ಉತ್ತರ. ಅಷ್ಟಕ್ಕೆ ಸಮಾಧಾನ ಪಟ್ಟುಕೊಳ್ಳಬೇಡಿ. ಯಾವ ಕ್ಲಾಸಿನಿಂದ ಶುರು, ವಾರಕ್ಕೆ ಎಷ್ಟು ಪೀರಿಯಡ್, ಕಲಿಸುವ ಟೀಚರ್ ಕನ್ನಡವನ್ನೇ ಓದಿ ಬಂದವರಾ ಅಥವಾ ಕನ್ನಡ ಮಾತಾಡಲು ಬರುತ್ತದೆ ಅಂತ ಈ ಕೆಲಸ ಹೊತ್ತವರಾ, ಕನ್ನಡ ಪೀರಿಯಡ್ ಹೊತ್ತಿಗೆ ಮಲಯಾಳದ ಮಕ್ಕಳು ಎಲ್ಲಿರುತ್ತಾರೆ, ಇಷ್ಟನ್ನೂ ಕೇಳಿ. ಕೊನೆಯ ಪ್ರಶ್ನೆ ಚಿಲ್ಲರೆ ಅನ್ನಿಸಬಹುದು. ಆದರೆ ಎರಡು ಭಾಷೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬರೇ ಟೀಚರ್ ಅರ್ಧರ್ಧ ಗಂಟೆ ಕಲಿಸುವುದುಂಟು. ಆಗ ವಾರಕ್ಕೆ ಐದು ಪೀರಿಯಡ್ ಎಂದದ್ದು ಎರಡೂವರೆಗೆ ಇಳಿಯುತ್ತದೆ.

ನನ್ನ ಮಟ್ಟಿಗೆ ಇದಕ್ಕೆ ಒಳ್ಳೆಯ ಪರೀಕ್ಷೆ ಮೂರನೇ ಕ್ಲಾಸಿನ ಯಾವುದಾದರೂ ಮಗುವಿನ ಕನ್ನಡ ನೋಟ್‌ಬುಕ್. ಪರಿಚಯದವರ ಮಗು ಅಲ್ಲಿದ್ದರೆ ಅವರ ಮನೆಯಲ್ಲೇ ನೋಡಿ. ಜನವರಿಯ ಹೊತ್ತಿಗೆ ಪುಸ್ತಕ ಎಷ್ಟು ತುಂಬಿದೆ? ಒತ್ತಕ್ಷರ ಹೇಗಿದೆ? ‘ಅಜ್ಜಿ’, ‘ಹಕ್ಕಿ’ ಎಲ್ಲ ಮಕ್ಕಳೂ ಬರೆಯುತ್ತಾರೆ. ‘ಸೂರ್ಯ’, ‘ಕೃಷ್ಣ’, ‘ವಿದ್ಯಾರ್ಥಿ’ ನೋಡಿ. ಅರ್ಕಾವೊತ್ತು ತಪ್ಪಾದ ಕಡೆ ಕೆಂಪು ಪೆನ್ನು ನಿಂತಿದೆಯಾ, ಅಥವಾ ಪುಟದ ಅಡಿಯಲ್ಲಿ ಒಂದು ಉದ್ದ ಗೀಟು ಎಳೆದು ‘ಗುಡ್’ ಅಂತ ಬಿಟ್ಟಿದ್ದಾರಾ? ಬೋರ್ಡಿನಿಂದ ನಕಲು ಮಾಡಿದ ಸಾಲುಗಳೇ ಇವೆಯಾ, ಮಗು ತಾನೇ ಯೋಚಿಸಿ ಬರೆದ ಒಂದಾದರೂ ವಾಕ್ಯ ಇದೆಯಾ? ‘ನಮ್ಮ ಮನೆಯ ದನ ಕಪ್ಪು. ಅದು ನನ್ನ ಅಂಗಿ ತಿಂದಿದೆ’ ಅಂತ ಒಂದು ಪುಟದಲ್ಲಿ ಕಂಡರೆ ಆ ಟೀಚರಿಗೆ ಮನಸ್ಸಿನಲ್ಲೇ ಕೈ ಮುಗಿಯಿರಿ.

ಮಲಯಾಳದ ವಿಷಯ. 2017ರಲ್ಲಿ ಕೇರಳ ತಂದ ಕಾಯ್ದೆಯ ಪ್ರಕಾರ ಒಂದರಿಂದ ಹತ್ತರವರೆಗೆ ಎಲ್ಲ ಶಾಲೆಗಳಲ್ಲೂ ಮಲಯಾಳ ಕಲಿಸಬೇಕು, ಸಿಬಿಎಸ್‌ಇ ಮತ್ತು ಐಸಿಎಸ್‌ಇ ಶಾಲೆಗಳೂ ಇದರಲ್ಲಿ ಸೇರಿವೆ. ಆಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ನಾನು ಮಲಯಾಳ ಬೇಡ ಅನ್ನುವವರ ಪೈಕಿ ಅಲ್ಲ. ಇಲ್ಲಿ ಬದುಕುವ ಮಗುವಿಗೆ ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ವಿಲೇಜ್ ಆಫೀಸಿನ ಅರ್ಜಿ ಓದಲು ಬರಲೇಬೇಕು. ನೋಡಬೇಕಾದದ್ದು ಇಷ್ಟೇ: ಮಲಯಾಳ ಬಂದ ಪೀರಿಯಡ್ ಯಾವುದರ ಜಾಗಕ್ಕೆ ಬಂತು? ಟೈಮ್‌ಟೇಬಲ್ ಕೇಳಿ. ಇಂಗ್ಲಿಷ್, ಹಿಂದಿ, ಮಲಯಾಳ ಎಲ್ಲ ಇದ್ದು ಕನ್ನಡ ಮಾತ್ರ ಶನಿವಾರ ಸಂಜೆಯ ‘ಆಕ್ಟಿವಿಟಿ’ ಆಗಿದ್ದರೆ ಅದು ಕನ್ನಡ ಇರುವ ಶಾಲೆ ಅಲ್ಲ.

ಶಾಲೆಯ ನೋಟೀಸು, ವಾಟ್ಸಾಪ್ ಮೆಸೇಜು ಯಾವ ಭಾಷೆಯಲ್ಲಿ ಬರುತ್ತದೆ ಎಂದೂ ಕೇಳಿ. ಅಪ್ಪ ಗಲ್ಫಿನಲ್ಲಿ, ಅಮ್ಮ ಕೆಲಸಕ್ಕೆ, ಮಗುವನ್ನು ನೋಡಿಕೊಳ್ಳುವುದು ಅಜ್ಜಿ ಅಂತಾದರೆ ‘ನಾಳೆ ಮಧ್ಯಾಹ್ನಕ್ಕೇ ಶಾಲೆ ಬಿಡುತ್ತದೆ’ ಎಂಬ ಮೆಸೇಜು ಮಲಯಾಳದಲ್ಲಿ ಬಂದು ಓದುವವರೇ ಇಲ್ಲದಂತಾಗುತ್ತದೆ.

ಯಕ್ಷಗಾನ, ಕನ್ನಡ ಭಾಷಣ, ಪದ್ಯ ಅಂತ ಆಸೆ ಇರುವ ಮನೆಯವರಿಗೆ ಒಂದು ಮಾತು. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಕನ್ನಡದ ಸ್ಪರ್ಧೆಗಳೂ ಇವೆ. ಆ ವೇದಿಕೆ ಸ್ಟೇಟ್ ಸಿಲೆಬಸ್ ಶಾಲೆಗಳದ್ದು. ಸಿಬಿಎಸ್‌ಇಯವರ ಕಲೋತ್ಸವ ಬೇರೆ.

ಹೆಜ್ಜೆ 3: ಕಾಗದಪತ್ರ

ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಮು ಹೇಳುತ್ತದೆ. ದಂಡ ಒಂದು ಲಕ್ಷದವರೆಗೆ. ಆದರೂ ‘ಸಿಬಿಎಸ್‌ಇ ಸಿಲೆಬಸ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ, ಅಫಿಲಿಯೇಶನ್ (ಬೋರ್ಡಿನ ಮಾನ್ಯತೆ) ನಂಬರ್ ಎಲ್ಲೂ ಇರುವುದಿಲ್ಲ. ಸಿಲೆಬಸ್ ಅನ್ನು ಯಾರು ಬೇಕಾದರೂ ಕಲಿಸಬಹುದು, ಅಂಗಡಿಯಲ್ಲಿ ಪುಸ್ತಕ ಸಿಗುತ್ತದೆ. ಬೇಕಾದದ್ದು ನಂಬರ್. ಅದನ್ನು ತೆಗೆದುಕೊಂಡು ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ಹುಡುಕಿ. ಎಷ್ಟನೇ ಕ್ಲಾಸಿನವರೆಗೆ, ಯಾವ ವರ್ಷದವರೆಗೆ ಅಂತ ಅಲ್ಲೇ ಇರುತ್ತದೆ. ಅಫಿಲಿಯೇಶನ್ ಇರುವ ಶಾಲೆ ತನ್ನ ಫೀಸು, ಟೀಚರುಗಳ ವಿವರ, ಕಟ್ಟಡ ಮತ್ತು ಬೆಂಕಿ ಸುರಕ್ಷತೆಯ ಸರ್ಟಿಫಿಕೇಟು ಎಲ್ಲವನ್ನೂ ಸ್ವಂತ ವೆಬ್‌ಸೈಟಿನಲ್ಲಿ ಹಾಕಬೇಕು.

ಸ್ಟೇಟ್ ಸಿಲೆಬಸ್ ಶಾಲೆಯಾದರೆ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ವಿಚಾರಿಸಿ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಿಗೆ ಬೇರೆ ಬೇರೆ ಆಫೀಸು. ಸರಕಾರ ಪ್ರತಿ ಶಾಲೆಗೆ ಕೊಡುವ 11 ಅಂಕಿಯ ಯುಡೈಸ್ ಕೋಡ್ ಕೂಡ ಕೇಳಿ, ಕೋಡ್ ಹೇಳಲು ತಡವರಿಸಿದರೆ ಅಲ್ಲೇ ಸಂಶಯ ಪಡಿ. ಒಂದು ವಿಷಯ ಇಲ್ಲಿ ಗೊಂದಲ ಮಾಡುತ್ತದೆ: ಅನುದಾನಿತ ಶಾಲೆಯೂ ಖಾಸಗಿ ಮ್ಯಾನೇಜ್‌ಮೆಂಟಿನದ್ದೇ, ಆದರೆ ಟೀಚರುಗಳ ಸಂಬಳ ಸರಕಾರದ್ದು. ಖಾಸಗಿ ಶಾಲೆ ಬೇಕು ಅನ್ನುವವರು ಪೂರ್ತಿ ಫೀಸಿನ ಅನ್‌ಎಯ್ಡೆಡ್ ಶಾಲೆಗೆ ಓಡುವ ಮೊದಲು ಊರಿನ ಅನುದಾನಿತ ಶಾಲೆಯ ಪ್ರೀ-ಪ್ರೈಮರಿಯನ್ನೂ ನೋಡಿ ಬರಬಹುದು.

ಹೆಜ್ಜೆ 4: ವಯಸ್ಸನ್ನು ಹಿಂದಿನಿಂದ ಎಣಿಸಿ

ಕೇರಳದಲ್ಲಿ ಜೂನ್ 1ಕ್ಕೆ 5 ತುಂಬಿದರೆ ಒಂದನೇ ಕ್ಲಾಸು ಎಂಬುದು ಹಳೇ ರೂಢಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6 ಅನ್ನುತ್ತದೆ, ಕೇರಳವೂ 6ರ ಕಡೆಗೆ ಹೋಗುವ ಮಾತನ್ನು 2025ರಲ್ಲಿ ಆಡಿತ್ತು. ಕೇಂದ್ರೀಯ ವಿದ್ಯಾಲಯಕ್ಕೆ ಮಾರ್ಚ್ 31ಕ್ಕೆ 6 ಆಗಿರಬೇಕು. ಕರ್ನಾಟಕದ ನಿಯಮ ಜೂನ್ 1ಕ್ಕೆ 6. ಆದ್ದರಿಂದ ಎರಡೂಮುಕ್ಕಾಲು ವರ್ಷಕ್ಕೇ ‘ಒಂದು ವರ್ಷ ಉಳಿಯುತ್ತದೆ’ ಅಂತ ಎಲ್‌ಕೆಜಿಗೆ ತಳ್ಳಿದರೆ ಮುಂದೆ ಎಲ್ಲೋ ಒಂದು ಕಡೆ ಅದೇ ವರ್ಷ ಕೂತು ಕಾಯಬೇಕಾಗುತ್ತದೆ. ಆ ವರ್ಷ ಅಂಗನವಾಡಿಯಲ್ಲಿ ಆಡಿಕೊಂಡಿರಲಿ, ನಷ್ಟ ಏನಿಲ್ಲ.

ಹೆಜ್ಜೆ 5: ಕೆಲಸದ ದಿನ, ಊಟದ ಹೊತ್ತಿಗೆ ಹೋಗಿ

ಓಪನ್ ಹೌಸ್ ದಿನ ಎಲ್ಲ ಶಾಲೆಯೂ ಚಂದ. ಬಲೂನು ಇರುತ್ತದೆ, ಮ್ಯಾನೇಜರ್ ಬಾಗಿಲಲ್ಲೇ ನಿಂತಿರುತ್ತಾರೆ. ನೀವು ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಹನ್ನೆರಡೂಕಾಲಿಗೆ ಹೋಗಿ. ಮೊದಲೇ ಫೋನ್ ಮಾಡಿ ಹೋಗುವುದು ಮರ್ಯಾದೆ, ಆದರೆ ಸಮಯ ನೀವೇ ಹೇಳಿ.

ಆ ಹೊತ್ತಿಗೆ ಎಲ್‌ಕೆಜಿ ಕ್ಲಾಸಿನ ಹೊರಗೆ ನಿಂತರೆ ಒಂದು ಶಾಲೆಯ ಮುಕ್ಕಾಲು ಭಾಗ ಕಾಣುತ್ತದೆ. ಚೀಲದಿಂದ ಟಿಫಿನ್ ತೆಗೆಯುವಾಗ ಮುಚ್ಚಳ ಬಾರದ ಮಗು ಯಾರ ಹತ್ತಿರ ಹೋಗುತ್ತದೆ? ಟೀಚರ್ ಹತ್ತಿರವಾ, ಆಯಾ ಹತ್ತಿರವಾ, ಅಥವಾ ಸುಮ್ನೆ ಡಬ್ಬಿ ಹಿಡಿದು ಕೂತಿರುತ್ತದಾ? ಕೈ ತೊಳೆಯುವ ನಲ್ಲಿ ಮಗುವಿನ ಎತ್ತರಕ್ಕಿದೆಯಾ? ಟಾಯ್ಲೆಟ್ ಬಾಗಿಲಿನ ಚಿಲಕ ಒಳಗಿನಿಂದ ಸಿಕ್ಕಿಹಾಕಿಕೊಳ್ಳುವಂಥದ್ದಾ? ಮಗ್ಗು, ನೀರು ಇದೆಯಾ? ಮೂಗು ಮುಚ್ಚಿಕೊಳ್ಳದೆ ಒಳಗೆ ಹೋಗಲು ಆಗುತ್ತದಾ? ಸ್ಮಾರ್ಟ್ ಬೋರ್ಡು ತೋರಿಸಲು ಕರೆದುಕೊಂಡು ಹೋಗುತ್ತಾರೆ, ಟಾಯ್ಲೆಟ್ ನೀವೇ ಕೇಳಿ ನೋಡಬೇಕು.

ಇನ್ನೂ ಒಂದು ವಿಷಯ ಕಿವಿಗೊಟ್ಟು ಕೇಳಿ. ‘ಉಚ್ಚೆ ಬರ್ತದೆ’ ಅಂತ ಮಗು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದರೆ ಆಯಾಗೆ ಅರ್ಥ ಆಗುತ್ತದಾ? ‘ಸೇ ಇನ್ ಇಂಗ್ಲಿಷ್’ ಅಂತ ಮೂರು ವರ್ಷದ ಮಗುವನ್ನು ನಿಲ್ಲಿಸುವ ಶಾಲೆಗಳಿವೆ. ಮನೆಮಾತು ಆಡಿದ್ದಕ್ಕೆ ದಂಡ, ಬೆಂಚಿನ ಮೇಲೆ ನಿಲ್ಲಿಸುವುದು ಇದೆ ಅಂತ ಗೊತ್ತಾದರೆ ಬೇರೆ ಏನೂ ನೋಡಬೇಕಾಗಿಲ್ಲ, ಅಲ್ಲಿಂದಲೇ ವಾಪಸ್ ಬನ್ನಿ.

ಮಕ್ಕಳೆಷ್ಟು ಎಂದು ಎಣಿಸಿ. ಪ್ಲೇಸ್ಕೂಲುಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಹಾಕಿಕೊಟ್ಟ ಮಾರ್ಗಸೂಚಿ 20 ಮಕ್ಕಳಿಗೆ ಒಬ್ಬ ಟೀಚರ್ ಅನ್ನುತ್ತದೆ. 1ರಿಂದ 5ನೇ ಕ್ಲಾಸಿಗೆ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ 30ಕ್ಕೆ ಒಬ್ಬರು. ಹೋಮ್‌ವರ್ಕ್ ಎಷ್ಟು ಎಂದೂ ಕೇಳಿ. ಎಲ್‌ಕೆಜಿಯಲ್ಲೇ ಇಷ್ಟಿಷ್ಟು ಪುಟ ಬರೆಸುತ್ತೇವೆ ಎಂದು ಹೆಮ್ಮೆಯಿಂದ ಹೇಳಿದರೆ ಅದು ಅವರ ಗುಣ ಅಲ್ಲ, ದೋಷ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಎರಡನೇ ಕ್ಲಾಸಿನವರೆಗೆ ಹೋಮ್‌ವರ್ಕೇ ಬೇಡ ಅನ್ನುತ್ತದೆ, ಪ್ರೀ-ಪ್ರೈಮರಿಗೆ ಬ್ಯಾಗೂ ಬೇಡ ಅನ್ನುತ್ತದೆ. ಆದರೆ ನಮ್ಮ ಹೆತ್ತವರೇ ‘ಏನೂ ಬರೆಸುವುದಿಲ್ಲ’ ಅಂತ ಶಾಲೆ ಬದಲಿಸುತ್ತಾರಲ್ವಾ, ಶಾಲೆಯವರನ್ನು ಮಾತ್ರ ದೂರಿ ಏನು ಪ್ರಯೋಜನ?

ಟೀಚರುಗಳು ಎಷ್ಟು ವರ್ಷದಿಂದ ಇದ್ದಾರೆ ಎಂದು ಗೇಟಿನಲ್ಲಿ ಕಾಯುವ ತಾಯಂದಿರ ಹತ್ತಿರ ಕೇಳಿ. ವರ್ಷಕ್ಕೆ ಮೂವರು ಟೀಚರ್ ಬದಲಾದ ಕ್ಲಾಸಿನಲ್ಲಿ ಸಣ್ಣ ಮಕ್ಕಳು ಬೇಗ ಕಂಗೆಡುತ್ತಾರೆ. ಸಂಬಳ ಕಡಿಮೆ ಇದ್ದಲ್ಲಿ ಪಿಎಸ್‌ಸಿ ಲಿಸ್ಟು ಬಂದ ಕೂಡಲೇ ಟೀಚರ್ ಹೋಗುತ್ತಾರೆ, ಅವರನ್ನು ತಪ್ಪು ಅನ್ನುವಂತೆಯೂ ಇಲ್ಲ.

ಹೆಜ್ಜೆ 6: ದಾರಿಯನ್ನು ಜುಲೈ ಕಣ್ಣಿನಲ್ಲಿ ನೋಡಿ

ನೀವು ಶಾಲೆ ನೋಡುವುದು ಫೆಬ್ರವರಿಯಲ್ಲಿ, ಮಗು ಹೋಗಲು ಶುರು ಮಾಡುವುದು ಜೂನ್‌ನಲ್ಲಿ. ಎಣ್ಮಕಜೆ, ವರ್ಕಾಡಿ, ದೇಲಂಪಾಡಿ ಕಡೆಯ ಒಳದಾರಿಗಳು ಆಗ ಹೇಗಿರುತ್ತವೆ ಎಂದು ನಿಮಗೇ ಗೊತ್ತು. ತೋಡು ತುಂಬಿದರೆ ವ್ಯಾನು ಎಲ್ಲಿಯವರೆಗೆ ಬರುತ್ತದೆ? ಅಲ್ಲಿಂದ ಮನೆಗೆ ಯಾರು ಕರೆದುಕೊಂಡು ಬರುತ್ತಾರೆ?

ಹೆದ್ದಾರಿ ಪಕ್ಕದವರಿಗೆ ಇನ್ನೊಂದು ತಾಪತ್ರಯ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ ಎದುರಿಗೇ ಕಾಣುವ ಶಾಲೆಗೂ ಅಂಡರ್‌ಪಾಸ್ ಹುಡುಕಿ ಸುತ್ತು ಹಾಕಿ ಹೋಗಬೇಕು. ಬಸ್ ನಿಮ್ಮ ಬದಿಯ ಸರ್ವಿಸ್ ರಸ್ತೆಗೆ ಬರುತ್ತದಾ ಎಂದು ಕೇಳಿ. ‘ಆ ಬದಿಯಲ್ಲಿ ಇಳಿಸುತ್ತೇವೆ’ ಎಂದರೆ ಒಪ್ಪಬೇಡಿ.

ಬಸ್ಸಿನಲ್ಲಿ ಆಯಾ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ. ಬಸ್ ಎಲ್ಲಿದೆ ಎಂದು ಹೆತ್ತವರು ಫೋನಿನಲ್ಲಿ ನೋಡಲು ಕೇರಳದ ಮೋಟಾರು ವಾಹನ ಇಲಾಖೆ 2023ರಲ್ಲಿ ‘ವಿದ್ಯಾ ವಾಹನ್’ ಆ್ಯಪ್ ತಂದಿದೆ, ಈ ಶಾಲೆಯ ಬಸ್ ಅದರಲ್ಲಿದೆಯಾ ಎಂದು ಕೇಳಿ. ಹೊರಗಿನ ಓಮ್ನಿಯೋ ಆಟೋವೋ ಮಾಡುವುದಾದರೆ ಎಷ್ಟು ಮಕ್ಕಳನ್ನು ತುಂಬುತ್ತಾರೆ ಎಂದು ಒಂದು ಸಂಜೆ ನಿಂತು ನೋಡಿ. ಬೆಳಿಗ್ಗೆ ಮದ್ರಸಕ್ಕೆ ಹೋಗುವ ಮಕ್ಕಳಿಗೆ ಬಸ್ಸಿನ ಟೈಮ್ ಹೊಂದುತ್ತದಾ ಎಂಬುದನ್ನೂ ಮೊದಲೇ ಮಾತಾಡಿ. ನನ್ನ ಅಂದಾಜಿಗೆ ಎಲ್‌ಕೆಜಿ ಮಗುವಿಗೆ ಒಂದು ಕಡೆಗೆ ಅರ್ಧ ಗಂಟೆ ಧಾರಾಳವಾಯಿತು.

ಹೆಜ್ಜೆ 7: ಫೀಸಿನ ಪೂರ್ತಿ ಲೆಕ್ಕ

‘ತಿಂಗಳಿಗೆ ಒಂದೂವರೆ ಸಾವಿರ’ ಅಂದದ್ದನ್ನು ಕೇಳಿ ಬರಬೇಡಿ. ಕಾಗದದ ಮೇಲೆ ವರ್ಷದ ಲೆಕ್ಕ ಬರೆಸಿಕೊಳ್ಳಿ. ಲೆಕ್ಕ ತಿಳಿಯಲು ಅಂದಾಜಿನ ಅಂಕಿ ಹಿಡಿಯೋಣ: ಫೀಸು 18,000, ಬಸ್ಸಿಗೆ ತಿಂಗಳಿಗೆ 1,200ರಂತೆ ಹತ್ತು ತಿಂಗಳಿಗೆ 12,000, ಅಡ್ಮಿಶನ್ 5,000, ಪುಸ್ತಕ, ಯೂನಿಫಾರ್ಮ್, ಶೂ 6,000. ಒಟ್ಟು 41,000. ಬಾಯಲ್ಲಿ ಹೇಳಿದ್ದು 18,000. ಏಪ್ರಿಲ್, ಮೇ ರಜೆಗೂ ಬಸ್ ಫೀಸು ಹಿಡಿಯುತ್ತಾರಾ, ಅಡ್ಮಿಶನ್ ಫೀಸು ಒಮ್ಮೆಗಾ ಅಥವಾ ಒಂದನೇ ಕ್ಲಾಸಿಗೆ ಹೋಗುವಾಗ ಮತ್ತೆ ಕೊಡಬೇಕಾ, ಕಳೆದ ಮೂರು ವರ್ಷದಲ್ಲಿ ಎಷ್ಟು ಏರಿಸಿದ್ದಾರೆ, ತಂಗಿಯನ್ನೂ ಸೇರಿಸಿದರೆ ರಿಯಾಯಿತಿ ಇದೆಯಾ, ಇವನ್ನೆಲ್ಲ ಕೇಳಲು ನಾಚಿಕೆ ಬೇಡ.

ಡೊನೇಶನ್ ಕೇಳಿದರೆ? ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಕ್ಯಾಪಿಟೇಶನ್ ಫೀಸನ್ನು ತಡೆಯುತ್ತದೆ, ತೆಗೆದುಕೊಂಡರೆ ಅದರ ಹತ್ತು ಪಟ್ಟಿನವರೆಗೆ ದಂಡ. ಮಗುವಿಗೋ ಹೆತ್ತವರಿಗೋ ಪರೀಕ್ಷೆ, ಇಂಟರ್‌ವ್ಯೂ ಮಾಡಿ ಆರಿಸುವುದನ್ನೂ ಅದೇ ಕಲಮು ನಿಲ್ಲಿಸಿದೆ. ‘ಬಿಲ್ಡಿಂಗ್ ಫಂಡ್’ ಎಂದು ಹೆಸರು ಬದಲಿಸಿ ಕೇಳುವುದು ಹಳೇ ಉಪಾಯ. ‘ರಶೀದಿ ಕೊಡ್ತೀರಲ್ಲ?’ ಎಂದು ಕೇಳಿ ನೋಡಿ, ಮೊತ್ತ ಕಡಿಮೆಯಾಗುವುದುಂಟು.

ಗಲ್ಫಿನ ದುಡ್ಡಿನಲ್ಲಿ ನಡೆಯುವ ಮನೆಗಳಿಗೆ ಒಂದು ಸಲಹೆ. ಈ ವರ್ಷದ ಸಂಬಳ ನೋಡಿ ಶಾಲೆ ಆರಿಸಬೇಡಿ. ಕೆಲಸ ಹೋಗಿ ಊರಿಗೆ ಬಂದರೂ ಎರಡು ವರ್ಷ ತಳ್ಳಬಹುದಾ ಅಂತ ನೋಡಿ.

ಹೆಜ್ಜೆ 8: ಸೇರಿಸುವ ದಿನ

ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು, ಆಧಾರ್, ಫೋಟೋ ತೆಗೆದುಕೊಂಡು ಹೋಗಿ. ಹೋಗುವ ಮೊದಲು ಜನನ ಪ್ರಮಾಣಪತ್ರದಲ್ಲಿ ಹೆಸರು ಹೇಗಿದೆ ಎಂದು ನೋಡಿ. ನಮ್ಮ ಕನ್ನಡದ ಹೆಸರು ಮಲಯಾಳಕ್ಕೂ ಇಂಗ್ಲಿಷಿಗೂ ಹೋಗುವಾಗ ‘ಶ್ರೀಶ’ ಇದ್ದದ್ದು ‘ಶ್ರೀಷಾ’ ಆಗಿ, ಅಪ್ಪನ ಹೆಸರು ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಪೂರ್ತಿ ಇರುತ್ತದೆ. ಶಾಲೆಯ ರಿಜಿಸ್ಟರಿನಲ್ಲಿ ಬರೆದದ್ದೇ ಮುಂದೆ ಎಸ್‌ಎಸ್‌ಎಲ್‌ಸಿ ಪುಸ್ತಕಕ್ಕೆ ಹೋಗುತ್ತದೆ. ತಪ್ಪಿದ್ದರೆ ಈಗಲೇ ಪಂಚಾಯತಿನಲ್ಲಿ ಸರಿ ಮಾಡಿಸಿ, ಹತ್ತು ವರ್ಷ ಕಳೆದ ಮೇಲೆ ಅಲೆದಾಟ ಜಾಸ್ತಿ.

ಅರ್ಜಿಯಲ್ಲಿ ಮಾತೃಭಾಷೆ, ಮೊದಲ ಭಾಷೆ ಎಂಬ ಕಾಲಂ ಇದ್ದರೆ ಖಾಲಿ ಬಿಟ್ಟು ಸಹಿ ಹಾಕಬೇಡಿ. ‘ನಾವು ತುಂಬಿಸ್ತೇವೆ’ ಎಂದು ಆಫೀಸಿನವರು ಹೇಳಬಹುದು. ಅವರಿಗೆ ಸುಲಭವಾದದ್ದನ್ನು ಬರೆಯುತ್ತಾರೆ. ನೀವೇ ಬರೆಯಿರಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಟ್ಟಿದ ಪ್ರತಿ ಹಣದ ರಶೀದಿಯೂ ಒಂದು ಫೈಲಿನಲ್ಲಿರಲಿ.

ಒಂದನೇ ಕ್ಲಾಸಿಗೆ ಬಂದ ಮೇಲೆ ಶಾಲೆ ಹಿಡಿಸದೆ ಬಿಡುವುದಾದರೆ ಹೆದರಬೇಡಿ. ಸರಕಾರಿ ಅಥವಾ ಅನುದಾನಿತ ಶಾಲೆಗೆ ಬದಲಾಯಿಸುವಾಗ ಟಿಸಿಯನ್ನು ಕೂಡಲೇ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲಿದೆ. ಟಿಸಿ ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆಯವರು ಮಗುವನ್ನು ಸೇರಿಸದೆ ಇರುವಂತಿಲ್ಲ. ಬಾಕಿ ಫೀಸಿನ ಜಗಳ ದೊಡ್ಡವರ ಮಧ್ಯೆ ನಡೆಯಲಿ, ಮಗುವಿನ ಕ್ಲಾಸು ತಪ್ಪಬಾರದು. ಟಿಸಿ ಕೇಳುವ ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖು ಹಾಕಿ ಸೀಲು ಒತ್ತಿಸಿಕೊಳ್ಳಿ. ವಾರ ಕಳೆದರೂ ಕೊಡದಿದ್ದರೆ ಆ ಪ್ರತಿಯನ್ನೇ ಹಿಡಿದು ಎಇಒ ಆಫೀಸಿಗೆ ಹೋಗಿ.